ಮೈಸೂರು ಚಿತ್ರದ ಗೆಸ್ಸೊ ಬಿರುಕು ಬಿಡುವುದೇಕೆ?

ಕಸೂತಿ, ರಂಗೋಲಿ, ಜಲವರ್ಣ ಎಲ್ಲ ಮಾಡಿದ ಕೈ, ನಿವೃತ್ತಿಯಾದ ಮೇಲೆ ಮೈಸೂರು ಶೈಲಿ ಹಿಡಿದಿದ್ದೇನೆ, ಗೆಸ್ಸೊ (ಉಬ್ಬು ತರಲು ರೇಕಿನ ಕೆಳಗೆ ಹಚ್ಚುವ ಬಿಳಿ ಲೇಪ) ಬಿರುಕು ಬಿಟ್ಟು ಚಿನ್ನದ ರೇಕು (ತೆಳು ಹಾಳೆ) ಏಳುತ್ತಿದೆ ಎಂದು ಕೇಳಿದ್ದೀರಿ. ಬಹುತೇಕ ನೀವು ತಂಜಾವೂರು ಕ್ರಮದಲ್ಲಿ ದಪ್ಪಗೆ ಹಾಕುತ್ತಿದ್ದೀರಿ. ಅಲ್ಲಿ ಉಬ್ಬು ಎದ್ದು ಕಾಣಬೇಕು, ಕಲ್ಲುಗಳನ್ನೂ ಕೂರಿಸುತ್ತಾರೆ. ಮೈಸೂರಿನದು ತೆಳು ಉಬ್ಬು, ಬೆರಳಾಡಿಸಿದರೆ ಗೊತ್ತಾಗುವಷ್ಟು ಸಾಕು. ಜಗನ್ಮೋಹನ ಅರಮನೆಯಲ್ಲೋ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೋ ಹಳೆಯ ಚಿತ್ರಗಳನ್ನು ಪಕ್ಕದಿಂದ ಬಗ್ಗಿ ನೋಡಿ, ತಿಳಿಯುತ್ತದೆ.

ಹಳಬರು ಗೆಸ್ಸೊಗೆ ಸಫೇದ (ಬಿಳಿ ಬಣ್ಣದ ಪುಡಿ), ಗೋಂದು, ರೇವಣಚಿನ್ನಿ ಹಾಲು (ಮರದಿಂದ ಬರುವ ಹಳದಿ ಅಂಟು) ಸೇರಿಸುತ್ತಿದ್ದರು. ಸೀಸದ ಸಫೇದ ವಿಷ. ಅದರ ಬದಲು ಝಿಂಕ್ ಆಕ್ಸೈಡ್ ಪುಡಿ ತೆಗೆದುಕೊಳ್ಳಿ. ರೇವಣಚಿನ್ನಿಯೂ ಹೊಟ್ಟೆಗೆ ಹೋದರೆ ಭೇದಿಯಾಗುತ್ತದೆ, ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಬೇಡಿ.

1 ಚಮಚ ಗೋಂದಿನ ಪುಡಿಯನ್ನು 3 ಚಮಚ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ತೆಳು ಬಟ್ಟೆಯಲ್ಲಿ ಸೋಸಿ. 2 ಚಮಚ ಝಿಂಕ್ ಪುಡಿಗೆ ಈ ಗೋಂದಿನ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಅರೆಯಿರಿ. 1 ಚಮಚದ ಆಸುಪಾಸಿನಲ್ಲಿ ಹದ ಸಿಗುತ್ತದೆ. ಕಡೆದು ನೊರೆ ಎಬ್ಬಿಸಬೇಡಿ, ಗುಳ್ಳೆ ಒಡೆದ ಕಡೆ ಸೂಜಿತೂತು ಬೀಳುತ್ತದೆ. ಮೊದಲು ತುಂಡು ಹಲಗೆಗೆ ಹಚ್ಚಿ, ಒಣಗಿದ ಮೇಲೆ ಉಗುರಿನಿಂದ ಕೆರೆಯಿರಿ. ಪುಡಿ ಉದುರಿದರೆ ಗೋಂದು ಕಡಿಮೆ. ಹೊಳಪು ಬಂದು ಬಲೆಯಂತೆ ಸೀಳಿದರೆ ಗೋಂದು ಜಾಸ್ತಿ. ಸೊನ್ನೆ ನಂಬರಿನ ಕುಂಚದಲ್ಲಿ ಎರಡು ಮೂರು ತೆಳು ಪದರ ಹಾಕಿ, ಪ್ರತಿ ಪದರವೂ ನೆರಳಿನಲ್ಲೇ ಪೂರ್ತಿ ಒಣಗಲಿ. ಬಿಸಿಲಿಗಿಟ್ಟರೆ ಮೇಲ್ಭಾಗ ಮೊದಲು ಬಿಗಿದು ಬಿರಿಯುತ್ತದೆ.

ಹಲಗೆಯನ್ನೂ ನೋಡಿ. ಪ್ಲೈವುಡ್ಡಿನ ಒಂದೇ ಬದಿಗೆ ಕಾಗದ ಅಂಟಿಸಿದರೆ ಅದು ಬಾಗುತ್ತದೆ, ಜೊತೆಗೆ ಗೆಸ್ಸೊ ಕೂಡ ಸೀಳುತ್ತದೆ. ಹಿಂಬದಿಗೂ ಅದೇ ಕಾಗದ ಹಚ್ಚಿ. ಮೈದಾ ಅಂಟಾದರೆ ಚಿಟಿಕೆ ಮೈಲುತುತ್ತ ಬೆರೆಸಿ, ಹುಳ ಬೀಳುವುದಿಲ್ಲ. ಅದೂ ವಿಷವೇ, ಅಡುಗೆ ಪಾತ್ರೆ ಬೇಡ.

ರೇಕಿಗೆ ಆತುರ ಬೇಡ. ಗೆಸ್ಸೊ ಮೇಲೆ ಗೋಂದು ಸವರಿ, ಬೆರಳಿಗೆ ಅಂಟಂಟಾಗಿ ಹತ್ತಿ ಆದರೆ ಒದ್ದೆಯಾಗದ ಹಂತಕ್ಕೆ ಕಾಯಿರಿ. ಒದ್ದೆಯಲ್ಲೇ ಇಟ್ಟರೆ ರೇಕು ಮುಳುಗಿ ಮಂಕಾಗುತ್ತದೆ, ತೀರ ಒಣಗಿದರೆ ಹಿಡಿಯುವುದೇ ಇಲ್ಲ. ಫ್ಯಾನ್ ಆಫ್ ಮಾಡಿ. ಮೇಲೆ ತೆಳು ಕಾಗದವಿಟ್ಟು ನುಣುಪು ಕಲ್ಲಿನಿಂದ ಮೆಲ್ಲಗೆ ಉಜ್ಜಿ. ಕಲಿಯಲು ಇಮಿಟೇಶನ್ ರೇಕು ಸಾಕು, ಆದರೆ ಅದು ಹಿತ್ತಾಳೆ, ವಾರ್ನಿಷ್ ಇಲ್ಲದಿದ್ದರೆ ಕಪ್ಪಾಗುತ್ತದೆ. ಉಳಿಯಬೇಕಾದ ಚಿತ್ರಕ್ಕೆ ಅಪ್ಪಟ ಚಿನ್ನದ್ದೇ ಹಾಕಿ.

ಕೈ ನಡುಗುವುದಿದ್ದರೆ ಚಿತ್ರದ ಎರಡೂ ಬದಿಗೆ ಪುಸ್ತಕವಿಟ್ಟು, ಮೇಲೊಂದು ಮರದ ಪಟ್ಟಿ ಅಡ್ಡ ಹಾಕಿ, ಮಣಿಕಟ್ಟನ್ನು ಅದರ ಮೇಲೆ ಊರಿ. ಮುತ್ತಿನ ಸಾಲಿನ ಚುಕ್ಕಿಗಳಿಗಂತೂ ನಿಮ್ಮ ರಂಗೋಲಿ ಕೈ ಆಗಲೇ ಪಳಗಿದೆ.