ಬಲಗೈಯ ಎರಡು ಬೆರಳು ಸರಿಯಾಗಿ ಮಡಚುವುದಿಲ್ಲ. ಪಿಯಾನೊ ಕಲಿಯುವ ಆಸೆ ಬಿಡಬೇಕಾ?

ಖಂಡಿತ ಬಿಡಬೇಡಿ. ಉಡುಪಿಯ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದೆ, ಬೈಕಿನಿಂದ ಬಿದ್ದ ಮೇಲೆ ಉಂಗುರ ಬೆರಳು, ಕಿರುಬೆರಳು ಮಾತು ಕೇಳುತ್ತಿಲ್ಲ ಎಂದು ಬರೆದಿದ್ದೀರಿ. ನಾನು ಮಂಗಳೂರಿನಲ್ಲಿ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುತ್ತೇನೆ, ಭಾನುವಾರ ಇಗರ್ಜಿಯಲ್ಲಿ ನುಡಿಸುತ್ತೇನೆ. ನಿಮ್ಮ ಪ್ರಶ್ನೆ ಓದಿದ ಕೂಡಲೇ ನೆನಪಾದವರು ಜಾಝ್ ಪಿಯಾನೊ ವಾದಕ ಹೊರೇಸ್ ಪಾರ್ಲನ್.

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 1931ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಬಲಗೈಯ ಕೆಲವು ಬೆರಳುಗಳ ಶಕ್ತಿ ಹೋಯಿತು. ಕೈಗೆ ವ್ಯಾಯಾಮ ಆಗಲಿ ಎಂದು ಮನೆಯವರು ಪಿಯಾನೊ ಪಾಠಕ್ಕೆ ಹಾಕಿದರು. ಆ ಹುಡುಗ ಮುಂದೆ ಹೆಸರಾಂತ ಜಾಝ್ ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ಅವರ ತಂಡ ಸೇರಿ, 1959ರ 'ಮಿಂಗಸ್ ಆ ಅಮ್' ಆಲ್ಬಮ್‌ನಲ್ಲಿ ನುಡಿಸಿದರು. ಆಮೇಲೆ ಬ್ಲೂ ನೋಟ್ ಎಂಬ ರೆಕಾರ್ಡ್ ಕಂಪನಿಗೆ ತಮ್ಮದೇ ಹೆಸರಲ್ಲಿ ಸಾಲುಸಾಲಾಗಿ ಆಲ್ಬಮ್ ಮಾಡಿದರು. 1973ರಲ್ಲಿ ಡೆನ್ಮಾರ್ಕ್‌ಗೆ ಹೋಗಿ ಅಲ್ಲೇ ನೆಲೆಸಿದರು. ತೀರಿಕೊಂಡದ್ದು 2017ರಲ್ಲಿ, 86ನೇ ವಯಸ್ಸಿನಲ್ಲಿ.

ಅವರು ಮಾಡಿದ್ದು ಇಷ್ಟೇ: ಬಲಗೈಯ ಕೆಲಸದಲ್ಲಿ ಎಷ್ಟೋ ಪಾಲನ್ನು ಎಡಗೈಗೆ ಕೊಟ್ಟರು. ಬಲಗೈಯಲ್ಲಿ ಚಿಕ್ಕ ಚಿಕ್ಕ ತುಣುಕು, ಆದರೆ ತಾಳಕ್ಕೆ ಗಟ್ಟಿಯಾಗಿ ಕೂತದ್ದು. ಎಡಗೈಯಲ್ಲಿ ತುಂಬು ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಸ್ವರ ಕಡಿಮೆ, ಪೆಟ್ಟು ಜಾಸ್ತಿ. ಕಣ್ಣು ಮುಚ್ಚಿ ಕೇಳಿದರೂ ಇದು ಪಾರ್ಲನ್ ಕೈ ಎಂದು ಗೊತ್ತಾಗುತ್ತದೆ.

ಹಾರ್ಮೋನಿಯಂನಲ್ಲಿ ನಿಮ್ಮ ಎಡಗೈ ಬರೀ ತಿದಿ ಒತ್ತುತ್ತಿತ್ತು, ಅಲ್ವಾ? ಪಿಯಾನೊದಲ್ಲಿ ಆ ಕೈ ಪೂರ್ತಿ ಖಾಲಿ. ಶುರು ಅಲ್ಲಿಂದಲೇ ಆಗಲಿ. ಎಡಗೈ ಕಿರುಬೆರಳು 'ಸ' ಸ್ವರದ ಮೇಲೆ, ಹೆಬ್ಬೆರಳು 'ಪ' ಸ್ವರದ ಮೇಲೆ. ಮೇಲಿನ ಸ್ಥಾಯಿಯ 'ಗ' ಬಲಗೈ ಹೆಬ್ಬೆರಳಿಗೆ. ಈಗ ಕಾರ್ಡ್ ಪೂರ್ತಿ ಆಯಿತು. ಹಾಡು ನುಡಿಸಲು ತೋರುಬೆರಳು, ನಡುಬೆರಳು ಉಳಿದಿವೆ. ಹಾಡು ಆ 'ಗ'ಕ್ಕಿಂತ ಕೆಳಗೆ ಇಳಿದಾಗ ಹೆಬ್ಬೆರಳು ಬಿಟ್ಟುಬಿಡಿ, ಏನೂ ಕೊರತೆ ಕಾಣುವುದಿಲ್ಲ. ಬಲಗೈ ಚಾಚಿ ಆಕ್ಟೇವ್ (ಒಂದು 'ಸ'ದಿಂದ ಮೇಲಿನ 'ಸ'ದವರೆಗೆ) ಹಿಡಿಯುವ ಹಟ ಮಾತ್ರ ಬೇಡ. ನೋವು ಬಂದರೆ ಅಲ್ಲಿಗೇ ನಿಲ್ಲಿಸಿ, ಡಾಕ್ಟರ್ ಹೇಳಿದ ವ್ಯಾಯಾಮ ತಪ್ಪಿಸಬೇಡಿ.

ಮೊದಲು 1960ರ 'ಅಸ್ ತ್ರೀ' ಕೇಳಿ. ಪಿಯಾನೊ, ಬೇಸ್, ಡ್ರಮ್ಸ್ ಮೂರೇ ಇರುವುದರಿಂದ ಎರಡು ಕೈಗಳ ಕೆಲಸ ಬಿಡಿಬಿಡಿಯಾಗಿ ಕೇಳಿಸುತ್ತದೆ. ಆಮೇಲೆ ಸ್ಯಾಕ್ಸೊಫೋನ್‌ನ ಆರ್ಚಿ ಶೆಪ್ ಜೊತೆ 1977ರಲ್ಲಿ ಮಾಡಿದ 'ಗೋಯಿನ್ ಹೋಮ್'. ಅದು ಕರಿಯ ಜನರ ಭಕ್ತಿಗೀತೆಗಳ ಆಲ್ಬಮ್. ಭಜನೆಗೆ ಕೂತು ಅಭ್ಯಾಸ ಇರುವ ನಿಮಗೆ ಅದು ಬೇಗ ಹಿಡಿಸುತ್ತದೆ.