ಓದುಗರ ಪ್ರಶ್ನೆ: ಓದುತ್ತಲೇ ಪಾಲಿಕೆ ಚುನಾವಣೆಗೆ ನಿಲ್ಲಬಹುದೇ?

ಪ್ರಶ್ನೆ: ನಾನು ಬಳ್ಳಾರಿಯ ಕೌಲ್‌ಬಜಾರ್‌ನವಳು, ಬಿ.ಕಾಂ. ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. 21 ವರ್ಷ ತುಂಬಿದೆ. ಬೇಸಿಗೆ ಬಂದರೆ ನಮ್ಮ ಓಣಿಗೆ ನೀರು ಯಾವ ದಿನ ಬರುತ್ತದೆಂಬುದೇ ತಿಳಿಯುವುದಿಲ್ಲ. ಮುಂದಿನ ಮಹಾನಗರ ಪಾಲಿಕೆ ಚುನಾವಣೆಗೆ ಪಕ್ಷೇತರಳಾಗಿ ನಿಂತು ಇದನ್ನು ಸರಿಪಡಿಸಬೇಕೆಂಬ ಆಸೆ. ಜೀನ್ಸ್ ಹೊಲಿಗೆ ಮಾಡುವ ಅಪ್ಪ ‘ಮೊದಲು ಡಿಗ್ರಿ ಮುಗಿಸು’ ಎನ್ನುತ್ತಾರೆ. ವಿದ್ಯಾರ್ಥಿನಿ ಎಂಬುದು ಅಡ್ಡಿಯಾಗುತ್ತದೆಯೇ?
– ಹೆಸರು ಬೇಡ, ಬಳ್ಳಾರಿ

ಉತ್ತರ: ವಿದ್ಯಾರ್ಥಿನಿ ಎಂಬ ಕಾರಣಕ್ಕೆ ಯಾರೂ ನಿಮ್ಮ ನಾಮಪತ್ರವನ್ನು ತಿರಸ್ಕರಿಸುವಂತಿಲ್ಲ. ವಿಧಾನಸಭೆಗೆ ನಿಲ್ಲಲು 25 ವರ್ಷ ತುಂಬಿರಬೇಕು. ನಗರ ಸ್ಥಳೀಯ ಸಂಸ್ಥೆಗಳಿಗೆ 21 ಸಾಕೆಂಬುದನ್ನು 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯೇ ಹೇಳಿದೆ. ನಿಮ್ಮ ಊರಿನಲ್ಲೇ 2023ರಲ್ಲಿ ಡಿ. ತ್ರಿವೇಣಿ ಅವರು 23ನೇ ವಯಸ್ಸಿಗೆ ಮೇಯರ್ ಆದದ್ದು ನಿಮಗೆ ಗೊತ್ತಿದ್ದೇ ಇರುತ್ತದೆ. ಆದ್ದರಿಂದ ‘ಇನ್ನೂ ಹುಡುಗಿ’ ಎಂಬ ಮಾತಿಗೆ ಬಳ್ಳಾರಿಯಲ್ಲಿ ಅಷ್ಟು ತೂಕವಿಲ್ಲ.

ಆದರೆ ವಾರ್ಡ್ ಇದೇ ಎಂದು ಈಗಲೇ ನಿಶ್ಚಯಿಸಬೇಡಿ. ಪಾಲಿಕೆಯ 39 ವಾರ್ಡ್‌ಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಹಿಳೆಯರಿಗೆ ಮೀಸಲಾಗಿರುತ್ತವೆ, ಜೊತೆಗೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗಗಳ ಮೀಸಲಾತಿಯೂ ಇದೆ, ಇದು ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತದೆ. ವರ್ಷಗಟ್ಟಲೆ ಓಣಿ ಸುತ್ತಿದವರು ಮೀಸಲಾತಿ ಪಟ್ಟಿ ಹೊರಬಿದ್ದ ದಿನ ಮನೆಯಲ್ಲೇ ಉಳಿದದ್ದನ್ನು ಈ ಅಂಕಣಕಾರ ಕಂಡಿದ್ದಾನೆ.

ಇನ್ನು ನೀರಿನ ಮಾತು. ನಿಮ್ಮ ಪತ್ರದಲ್ಲಿ ನನಗೆ ಮುಖ್ಯವೆನಿಸಿದ್ದು, ಆತಂಕ ಹುಟ್ಟಿಸಿದ್ದು ಎರಡೂ ಇದೇ. ಬಳ್ಳಾರಿಗೆ ಕುಡಿಯುವ ನೀರು ತುಂಗಭದ್ರಾ ಕಾಲುವೆಗಳಿಂದ ಬಂದು ಅಲ್ಲೀಪುರ ಹಾಗೂ ಮೋಕಾದ ಕೆರೆಗಳಲ್ಲಿ ನಿಲ್ಲುತ್ತದೆ. ಕಾಲುವೆ ಬಂದಾದ ಮೇಲೆ ಆ ಸಂಗ್ರಹದಲ್ಲೇ ಬೇಸಿಗೆ ಕಳೆಯಬೇಕು. ಕಾಲುವೆಗೆ ಎಂದು ನೀರು ಬಿಡಬೇಕು, ಎಂದು ನಿಲ್ಲಿಸಬೇಕು ಎಂಬುದು ಪಾಲಿಕೆ ಸದಸ್ಯರ ಕೈಯಲ್ಲಿಲ್ಲ. ‘ಗೆದ್ದರೆ ದಿನವೂ ನೀರು’ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದರೆ, ಮೊದಲ ಏಪ್ರಿಲ್‌ನಲ್ಲೇ ಬಿಂದಿಗೆ ಹಿಡಿದವರು ನಿಮ್ಮ ಬಾಗಿಲಿಗೆ ಬರುತ್ತಾರೆ, ಅವರು ಕೇಳುವುದರಲ್ಲಿ ತಪ್ಪೂ ಇರುವುದಿಲ್ಲ.

ಸದಸ್ಯರ ಕೈಯಲ್ಲಿರುವುದು ಬೇರೆ: ಇದ್ದ ನೀರು ಓಣಿಗಳಿಗೆ ಸರಿಯಾಗಿ ಹಂಚಿಕೆಯಾಗುತ್ತಿದೆಯೇ, ಒಡೆದ ಪೈಪು ಎಷ್ಟು ದಿನ ಹಾಗೇ ಸೋರುತ್ತಿದೆ, ಟ್ಯಾಂಕರ್ ಯಾರ ಮನೆ ಮುಂದೆ ನಿಲ್ಲುತ್ತಿದೆ ಎಂದು ಸಭೆಯಲ್ಲಿ ಎದ್ದು ನಿಂತು ಕೇಳುವುದು. ಹೀಗೆ ಕೇಳಬೇಕಾದರೆ ಲೆಕ್ಕ ಬೇಕು. ಇಂದಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ನಲ್ಲಿಗೆ ನೀರು ಬಂದ ದಿನ, ಗಂಟೆ, ಎಷ್ಟು ಕೊಡ ತುಂಬಿತು ಎಂದು ಬರೆಯಿರಿ. ಓಣಿಯ ಕೊನೆಯ ಮನೆಯವರದ್ದೂ ಬರೆದುಕೊಳ್ಳಿ, ಏಕೆಂದರೆ ಮೊದಲ ಮನೆಗೂ ಕೊನೆಯ ಮನೆಗೂ ಇರುವ ಅಂತರದಲ್ಲೇ ಅರ್ಧ ಉತ್ತರ ಇರುತ್ತದೆ. ನೀರು ಬಿಡುವ ವಾಲ್‌ಮನ್ ಜೊತೆ ಜಗಳ ಬೇಡ, ಕುಳಿತು ಮಾತಾಡಿ. ಯಾವ ವಾಲ್ ಕೆಟ್ಟಿದೆ ಎಂಬುದು ಎಂಜಿನಿಯರ್‌ಗಿಂತ ಮೊದಲು ಆತನಿಗೆ ಗೊತ್ತಿರುತ್ತದೆ. ಕೌಲ್‌ಬಜಾರ್‌ನಲ್ಲಿ ಕನ್ನಡದ ಜೊತೆ ತೆಲುಗು, ಉರ್ದು ಆಡುವವರೂ ಇದ್ದಾರೆ. ಮೂರರಲ್ಲೂ ವಿಚಾರಿಸಲು ಬಂದರೆ ಅದು ನಿಮ್ಮ ದೊಡ್ಡ ಬಂಡವಾಳ.

ಅಪ್ಪನ ಮಾತನ್ನು ವಿರೋಧವೆಂದು ಎಣಿಸಬೇಡಿ. ಚುನಾವಣೆಯ ದಿನಾಂಕ ನಿಮ್ಮ ಸೆಮಿಸ್ಟರ್ ನೋಡಿ ನಿಗದಿಯಾಗುವುದಿಲ್ಲ, ಮನೆಯ ದುಡ್ಡು ಹೊಲಿಗೆ ಯಂತ್ರದ ಮೇಲೆ ಬರುವಂಥದ್ದು. ಖರ್ಚಿಗೆ ಆಯೋಗದ ಮಿತಿ ಇದೆ. ಅದಕ್ಕೂ ಕಡಿಮೆಯಾದ ನಿಮ್ಮ ಮನೆಯ ಮಿತಿಯನ್ನು ಅವರೊಂದಿಗೆ ಕುಳಿತು ಮೊದಲೇ ಗೊತ್ತು ಮಾಡಿಕೊಳ್ಳಿ. ‘ಪಕ್ಷದ ಟಿಕೆಟ್ ಕೊಡುತ್ತೇವೆ, ಖರ್ಚು ನಮ್ಮದು’ ಎಂದು ಯಾರಾದರೂ ಬಂದರೆ, ಗೆದ್ದ ಮೇಲೆ ಸಭೆಯಲ್ಲಿ ಮಾತಾಡುವವರು ಯಾರು ಎಂದು ಕೇಳಿಯೇ ಮುಂದುವರಿಯಿರಿ.

ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಹಾಸ್ಟೆಲ್ ವಿಳಾಸಕ್ಕೋ ಅಜ್ಜಿಯ ಊರಿಗೋ ಸೇರಿಹೋಗಿದ್ದರೆ ಈಗಲೇ ಬಳ್ಳಾರಿಗೆ ಬದಲಾಯಿಸಿಕೊಳ್ಳಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ಜನ್ಮದಿನಾಂಕವೂ ಅಲ್ಲಿರುವುದೂ ಒಂದೇ ಆಗಿದೆಯೇ ಎಂದು ಈ ವಾರವೇ ನೋಡಿಬಿಡಿ.