50 + 30 ಎಂಎಂ ಎಲ್ ಪಟ್ಟಿಗೆ 80 ಎಂಎಂ ಶೀಟ್ ಕತ್ತರಿಸಿದರೆ ಅಳತೆ ಯಾಕೆ ಹೆಚ್ಚು ಬರುತ್ತದೆ?

80 ಅಲ್ಲ, 76.4 ಎಂಎಂ ಕತ್ತರಿಸಿ (2 ಎಂಎಂ ದಪ್ಪದ ಮೈಲ್ಡ್ ಸ್ಟೀಲ್ ಶೀಟ್, ಒಳಮೂಲೆ ತ್ರಿಜ್ಯ 2 ಎಂಎಂ, 90 ಡಿಗ್ರಿ ಬೆಂಡ್, ಅಳತೆ ಹೊರಗಿನದು). ಮಡಚಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಉದ್ದ ಬದಲಾಗದ ಗೆರೆ ಇರುವುದು ಒಳಮೈಯಿಂದ ದಪ್ಪದ ಸುಮಾರು 0.4 ಪಾಲಿನಲ್ಲಿ, ಇದೇ ಕೆ ಫ್ಯಾಕ್ಟರ್.

ಮೂಲೆ: 1.57 × (2 + 0.4 × 2) = 4.4 (1.57 ಅಂದರೆ 90 ಡಿಗ್ರಿಗೆ π/2). ನೇರ ಭಾಗ: 50, 30 ಎರಡರಿಂದಲೂ ದಪ್ಪ, ತ್ರಿಜ್ಯ (2 + 2) ಕಳೆದರೆ 46 ಮತ್ತು 26. ಕೂಡಿದರೆ 76.4.

ಒಂದು ಬೆಂಡ್‌ಗೆ 3.6 ಎಂಎಂ (80 − 76.4) ವ್ಯತ್ಯಾಸ ಸಣ್ಣದೆನಿಸಬಹುದು. ಗಂಗಾವತಿಯ ರೈಸ್ ಮಿಲ್‌ಗೆ ನಾಲ್ಕು ಬೆಂಡ್‌ನ ಶೂಟ್ (ಧಾನ್ಯ ಜಾರುವ ತಗಡಿನ ದಾರಿ) ಮಾಡಿ ನೋಡಿ, 14 ಎಂಎಂ ತಪ್ಪಿ ಬೋಲ್ಟ್ ತೂತೇ ಕೂಡುವುದಿಲ್ಲ.

0.4 ಅನ್ನೇ ನಂಬಿ ಇಡೀ ಶೀಟ್ ಕತ್ತರಿಸಬೇಡಿ. 100 ಎಂಎಂ ತುಂಡು ಬೆಂಡ್ ಮಾಡಿ, ಎರಡೂ ಹೊರ ಅಳತೆ ಕೂಡಿ. 100ಕ್ಕಿಂತ ಎಷ್ಟು ಹೆಚ್ಚೋ ಅಷ್ಟನ್ನೇ ಪ್ರತಿ ಬೆಂಡ್‌ಗೆ ಕಳೆಯಿರಿ. ವಿ ಡೈ (ಶೀಟ್ ಒತ್ತಿ ಮಡಚುವ ವಿ ಆಕಾರದ ಅಚ್ಚು) ಬದಲಿಸಿದರೆ ಮತ್ತೆ ಇದೇ ಪರೀಕ್ಷೆ: ಡೈ ಬಾಯಿ ಅಗಲವಾದರೆ ತ್ರಿಜ್ಯವೂ ದೊಡ್ಡದಾಗುತ್ತದೆ.